ಹಕ್ಕಿಯ ಹೊಟ್ಟೆ, ಅತ್ತೆಯ ಚಾತುರ್ಮಾಸ್ಯ

ಆ ವರ್ಷಗಳಲ್ಲಿ ನಾನು ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದೆ. ಭಕ್ತಿಗಲ್ಲ, ವಾಸನೆಗೆ. ಸಿಯಾಟಲ್‌ನಲ್ಲಿ ಹಡಗುಗಳು ಹಾಯುವ ಕಾಲುವೆಯ ದಂಡೆಯ ಮೇಲೆ ನಮ್ಮ ಪ್ರಯೋಗಾಲಯವಿತ್ತು. ಉತ್ತರ ಧ್ರುವದ ಕಡೆಯ ಕಡಲುಗಳಿಂದ ಬಂದ ಹಕ್ಕಿಗಳ ಹೊಟ್ಟೆಯನ್ನು ಕೊಯ್ದು, ಅವು ಸಾಯುವ ಮುಂಚೆ ಏನು ತಿಂದಿದ್ದವು ಎಂದು ನೋಡುವುದು ಅಲ್ಲಿ ನನ್ನ ಕೆಲಸ. ಹಕ್ಕಿಗಳನ್ನು ನಾವೇನೂ ಕೊಲ್ಲುತ್ತಿರಲಿಲ್ಲ. ಮೀನುಬಲೆಗೆ ಸಿಕ್ಕಿ ಸತ್ತವು, ಬಿರುಗಾಳಿಗೆ ದಡಕ್ಕೆ ಬಂದು ಬಿದ್ದವು, ಇಂಥವೇ. ಹಡಗಿನಲ್ಲಿ ಯಾರೋ ಅವುಗಳ ಹೊಟ್ಟೆಯನ್ನು ತೆಗೆದು, ಸ್ಪಿರಿಟ್ ತುಂಬಿದ ಬಾಟಲಿಗೆ ಹಾಕಿ ಕಳಿಸುತ್ತಿದ್ದರು. ಆ ಬಾಟಲಿಯ ಮುಚ್ಚಳ ತೆಗೆದಾಗ ಬರುವ ವಾಸನೆ ಒಮ್ಮೆ ಕೂದಲಿಗೆ ಹತ್ತಿತೆಂದರೆ ಯಾವ ಶಾಂಪೂವಿಗೂ ಬಗ್ಗುವುದಿಲ್ಲ.

ಹುಟ್ಟಿದ ಮೇಲೆ ಮೊಟ್ಟೆಯನ್ನೂ ಬಾಯಿಗಿಡದವಳು ನಾನು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಕಪ್ಪೆ ಕೊಯ್ಯಬೇಕಾದ ದಿನ ಜ್ವರದ ನೆಪ ಹೇಳಿ ಮನೆಯಲ್ಲಿ ಮಲಗಿದ್ದೆ. ಗಂಡನ ಹಿಂದೆ ಇಲ್ಲಿಗೆ ಬಂದು, ಸಿಯಾಟಲ್ ಪಕ್ಕದ ರೆಡ್ಮಂಡ್‌ನ ಎಜುಕೇಶನ್ ಹಿಲ್‌ನ ಮನೆಯಲ್ಲಿ ಗೋಡೆ ನೋಡಿಕೊಂಡು ಕೆಲವು ವರ್ಷ ಕುಳಿತ ಮೇಲೆ ಮಾತ್ರ ಎಂಥ ಕೆಲಸವಾದರೂ ಸರಿ ಎನ್ನಿಸತೊಡಗಿತ್ತು. ಕೆಲಸ ಮಾಡುವ ಪರವಾನಗಿ ಬಂದ ಕೂಡಲೇ ಸಿಕ್ಕಿದ್ದು ಇದು. ಹಕ್ಕಿಯ ಹೊಟ್ಟೆಯೇ ನನ್ನ ಹೊಟ್ಟೆಪಾಡಾಯಿತು. ಅಚ್ಚರಿಯೆಂದರೆ ಕೈ ಬೇಗ ಪಳಗಿತು. ಅಕ್ಕಿಯಲ್ಲಿ ಕಲ್ಲು ಆರಿಸಿ ಬೆಳೆದ ಹುಡುಗಿಗೆ ಜರಡಿ, ಚಿಮಟ ಹಿಡಿದು ಸಣ್ಣದನ್ನು ಸಣ್ಣದರಿಂದ ಬೇರ್ಪಡಿಸುವುದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಹೊಟ್ಟೆಯೊಳಗೆ ಮೀನು ಕರಗಿಹೋಗಿದ್ದರೂ ಅದರ ಕಿವಿಯ ಒಳಗಿನ ಪುಟ್ಟ ಕಲ್ಲು ಉಳಿದಿರುತ್ತದೆ. ಕಲ್ಲಿನ ಆಕಾರದ ಮೇಲೆ ಯಾವ ಮೀನು, ಎಷ್ಟು ದೊಡ್ಡದು ಎಂದು ಹೇಳಬಹುದು. ಸ್ಕ್ವಿಡ್ ಎಂಬ ಎಲುಬಿಲ್ಲದ ಕಡಲ ಜೀವಿ ಕರಗಿದರೆ ಅದರ ಕೊಕ್ಕು ಉಳಿಯುತ್ತದೆ. ಸಿಗಡಿ ಜಾತಿಯ ಸಣ್ಣ ಜೀವಿಗಳು ಮಾತ್ರ ಸ್ವಲ್ಪ ಹೊತ್ತಿಗೇ ಗಂಜಿಯಾಗಿಬಿಡುತ್ತವೆ. ಆ ಗಂಜಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಕಾಲಿನ ಚೂರು, ಕಣ್ಣಿನ ಚೂರು ಹುಡುಕುತ್ತ ಕುಳಿತರೆ ಸಂಜೆಯ ಹೊತ್ತಿಗೆ ಕತ್ತು ನನ್ನದೋ ಬೇರೆಯವರದೋ ಎನ್ನುವಂತಾಗುತ್ತಿತ್ತು.

ನಮ್ಮ ಲ್ಯಾಬಿನ ಮುಖ್ಯಸ್ಥೆ ಅರವತ್ತರ ಹತ್ತಿರದ ಹೆಂಗಸು. ಹಿಮದ ಕಡಲಿನಲ್ಲಿ ಹಲವು ಬೇಸಗೆ ಕಳೆದವಳು, ಮಾತು ಕಡಿಮೆ. ಅವಳಿಗೆ ಬೇಸರ ತರುತ್ತಿದ್ದ ಪ್ರಶ್ನೆ ಒಂದೇ: ಈ ಹಕ್ಕಿ ಏನು ತಿನ್ನುತ್ತದೆ? ಯಾವಾಗ ಎಂದು ಮೊದಲು ಕೇಳಿ ಎನ್ನುತ್ತಿದ್ದಳು. ನಾವು ಹೆಚ್ಚಾಗಿ ನೋಡುತ್ತಿದ್ದುದು ಮರ್ ಎಂಬ ಹಕ್ಕಿಯನ್ನು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ನಿಂತರೆ ಕೋಟು ಹಾಕಿದ ಗುಮಾಸ್ತನ ಗತ್ತು. ವಸಂತದಲ್ಲಿ ಹಿಮ ಒಡೆಯುವ ಅಂಚಿನಲ್ಲಿ ಅದು ಹಿಮದ ಅಡಿಯ ಸಿಗಡಿಯಂಥ ಜೀವಿಗಳನ್ನು, ಬಿರುಕುಗಳಲ್ಲಿ ಅಡಗಿದ ಕಾಡ್ ಮೀನಿನ ಮರಿಗಳನ್ನು ಹಿಡಿದು ತಿನ್ನುತ್ತದೆ. ಬೇಸಗೆಯಲ್ಲಿ ಮರಿ ಸಾಕುವಾಗ ಜಿಡ್ಡು ತುಂಬಿದ ಮೀನೇ ಆಗಬೇಕು. ಮರಿ ಕಡಲಿಗಿಳಿದ ಮೇಲೆ ಊಟ ಮತ್ತೆ ಬದಲು. ಚಳಿಗಾಲದಲ್ಲಿ ಏನು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಏಕೆಂದರೆ ಆ ಕತ್ತಲೆಗೆ, ಆ ಗಾಳಿಗೆ ಹೋಗುವವರೇ ಇಲ್ಲ. ನಮ್ಮ ಕಪಾಟಿನ ಬಾಟಲಿಗಳು ಬಹುಪಾಲು ಜುಲೈ, ಆಗಸ್ಟಿನವು. ಪ್ರೊಫೆಸರುಗಳಿಗೆ ರಜೆ ಸಿಗುವುದು ಆಗ. ಅದರಿಂದಾಗಿ ಪುಸ್ತಕಗಳೆಲ್ಲ ಅದನ್ನು ಮೀನು ತಿನ್ನುವ ಹಕ್ಕಿ ಎಂದೇ ಕರೆದು ಕೈತೊಳೆದುಕೊಂಡಿದ್ದವು.

ಅತ್ತೆ ಧಾರವಾಡದಿಂದ ಬಂದದ್ದು ಒಂದು ಮೇ ತಿಂಗಳಲ್ಲಿ. ಅಲ್ಲಿ ಅವರು ನನ್ನ ಭಾವನವರ ಸಂಸಾರದ ಜೊತೆ ಇದ್ದರು. ಹಿಂದಿನ ವರ್ಷದ ಕೊನೆಯಲ್ಲಿ ಹೃದಯದ ಒಂದು ಕವಾಟ ಕೆಟ್ಟು, ಎದೆ ಕೊಯ್ದು ಲೋಹದ ಕವಾಟ ಕೂರಿಸಿದ್ದರು. ಪಕ್ಕದಲ್ಲಿ ಕುಳಿತರೆ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಎಂದು ಕೇಳುತ್ತಿತ್ತು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ರಕ್ತ ತೆಳ್ಳಗೆ ಮಾಡುವ ಮಾತ್ರೆ, ಅದೂ ಬದುಕಿರುವ ತನಕ. ಮಾತ್ರೆ ಹೆಚ್ಚಾದರೆ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ. ಕಡಿಮೆಯಾದರೆ ಹೆಪ್ಪುಗಟ್ಟಿದ ಚೂರು ಮೆದುಳಿಗೆ ಹೋಗಿ ಕೂರುತ್ತದೆ. ಎರಡರ ನಡುವಿನ ದಾರಿ ಬಹಳ ಕಿರಿದು. ಅದನ್ನು ಕಾಯಲೆಂದೇ ನಮ್ಮ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಒಬ್ಬ ನರ್ಸ್ ಇದ್ದಳು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು, ರಕ್ತ ಎಷ್ಟು ತೆಳ್ಳಗಾಗಿದೆ ಎಂಬ ಸಂಖ್ಯೆಯನ್ನು ಅಲ್ಲೇ ನೋಡಿ, ಇಷ್ಟು ಮಾತ್ರೆ ಎಂದು ಹೇಳಿ ಕಳಿಸುತ್ತಿದ್ದಳು. ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದವರು ನನ್ನ ಗಂಡ. ಬೆಲ್ವ್ಯೂನ ಅವರ ಆಫೀಸಿಗೆ ಬೆಳಿಗ್ಗೆ ತಡವಾಗಿ ಹೋದರೂ ನಡೆಯುತ್ತಿತ್ತು. ನಾನು ಆ ಹೊತ್ತಿಗೆ ಸಿಯಾಟಲ್ ಕಡೆಗೆ ಹೋಗುವ ತೇಲುವ ಸೇತುವೆಯ ಮೇಲೆ ಕಾರುಗಳ ಸಾಲಿನಲ್ಲಿ ನಿಂತಿರುತ್ತಿದ್ದೆ.

ಬಂದ ವಾರದಲ್ಲೇ ಅತ್ತೆ ನನ್ನ ಕೆಲಸದ ವಿಚಾರ ಕೇಳಿದರು. ಅವರ ಮಗ ಫೋನಿನಲ್ಲಿ ಹಕ್ಕಿಗಳ ಆಫೀಸು ಎಂದಷ್ಟೇ ಹೇಳಿದ್ದರು.

"ಹಕ್ಕಿಗೋಳಿಗೆ ಏನ್ ಉಣ್ಣಸ್ತೀಯವಾ ನೀ?"

"ಉಣ್ಣಿಸಲ್ಲ ಅತ್ತೆ. ಅವು ಏನು ಉಂಡಿದ್ವು ಅಂತ ನೋಡ್ತೀನಿ."

"ಹ್ಯಾಂಗ ನೋಡ್ತಿ?"

"ಹೊಟ್ಟೆ ಕೊಯ್ದು."

ಅವರು ನನ್ನ ಕೈಗಳನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಸ್ನಾನಾ ಮಾಡಿ ಒಳಗ ಬಾ" ಎಂದರು. ಅಷ್ಟೇ. ಹೇಗೂ ನಾನು ಮಾಡುತ್ತಿದ್ದುದೇ ಅದು. ಸಂಜೆ ನಮ್ಮ ಪುಟ್ಟ ಮಗಳನ್ನು ಶಾಲೆಯಿಂದ ಕರೆತಂದು, ನೇರ ಬಚ್ಚಲಿಗೆ ಹೋಗಿ, ಒದ್ದೆ ಕೂದಲಲ್ಲೇ ಒಲೆಯ ಮುಂದೆ ನಿಲ್ಲುವುದು. ಇನ್ನು ಮುಂದೆ ಅದಕ್ಕೆ ಮಡಿ ಎಂಬ ಗೌರವವೂ ಸೇರಿಕೊಂಡಿತು. ಆಮೇಲಾಮೇಲೆ ಅತ್ತೆಗೆ ಹಕ್ಕಿಗಳ ಮೇಲೆ ಕುತೂಹಲವೂ ಹುಟ್ಟಿತು. ನಾನು ಚಪಾತಿ ಲಟ್ಟಿಸುವಾಗ ಎದುರಿನ ಕುರ್ಚಿಯಲ್ಲಿ ಕುಳಿತು, ಇವತ್ತು ಏನು ಸಿಕ್ಕಿತು ಎಂದು ಕೇಳುತ್ತಿದ್ದರು. ಮೀನು ಎಂಬ ಮಾತು ಮಾತ್ರ ಅಡುಗೆಮನೆಯಲ್ಲಿ ಆಡಕೂಡದು. ಅದಕ್ಕೆ ನಾನು ದೊಡ್ಡದು, ಸಣ್ಣದು ಎಂದು ಹೇಳುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು.

ಆಷಾಢ ಏಕಾದಶಿ ಬಂತು. ಅತ್ತೆ ಹತ್ತಿರದ ಬಾಥೆಲ್‌ನ ದೇವಸ್ಥಾನದಿಂದ ಇಲ್ಲಿಯ ಲೆಕ್ಕದ ಪಂಚಾಂಗ ತರಿಸಿಟ್ಟಿದ್ದರು. ಅವತ್ತು ಉಪವಾಸ, ಮರುದಿನದಿಂದ ಚಾತುರ್ಮಾಸ್ಯ. ನಮ್ಮಲ್ಲಿ ಅದನ್ನು ಹಿಡಿಯುವವರಿಗೆ ನಾಲ್ಕು ತಿಂಗಳು ನಾಲ್ಕು ನಿಯಮ. ಮೊದಲ ತಿಂಗಳು ಶಾಕ ವ್ರತ: ಸೊಪ್ಪಿಲ್ಲ, ತರಕಾರಿಯಿಲ್ಲ, ಒಗ್ಗರಣೆಗೆ ಕರಿಬೇವಿನ ಎಲೆ ಕೂಡ ಇಲ್ಲ. ಎರಡನೆಯದರಲ್ಲಿ ಮೊಸರಿಲ್ಲ. ಮೂರನೆಯದರಲ್ಲಿ ಹಾಲಿಲ್ಲ. ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ನಮ್ಮ ತವರಿನಲ್ಲಿ ಅಜ್ಜಿಯ ಕಾಲಕ್ಕೇ ಇದು ಮುಗಿದುಹೋಗಿತ್ತು. ಅತ್ತೆ ಮದುವೆಯಾದಾಗಿನಿಂದ ಬಿಟ್ಟಿರಲಿಲ್ಲ. ಆ ತಿಂಗಳು ನಾನು ಎರಡು ಅಡುಗೆ ಮಾಡಿದೆ. ಅವರಿಗೆ ಹೆಸರುಬೇಳೆ ತೊವ್ವೆ, ಮೆಣಸು ಜೀರಿಗೆಯ ಸಾರು, ಮೊಸರನ್ನ; ನಮಗೆ ಮಾಮೂಲಿನದು. ಮೇ, ಜೂನಿನಲ್ಲಿ ಅವರ ತಟ್ಟೆಯಲ್ಲಿ ದಿನಾ ಪಾಲಕ್ಕೋ ಮೆಂತ್ಯವೋ ಇರಲೇಬೇಕಿತ್ತು. ಧಾರವಾಡದವರಿಗೆ ತಪ್ಪಲ ಪಲ್ಯ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವರು ಒಂದು ಮಾತೂ ಆಡದೆ ಸೊಪ್ಪನ್ನು ಬಿಟ್ಟು ಬೇಳೆಗೆ ಕೈಹಾಕುವುದನ್ನು ನೋಡಿ ಒಳಗೊಳಗೇ ಮೆಚ್ಚಿದೆ. ಎರಡು ಅಡುಗೆಯ ಸುಸ್ತಿನಲ್ಲಿ ಆ ಮೆಚ್ಚುಗೆ ಬಾಯಿಗೆ ಬರಲಿಲ್ಲ.

ವ್ರತದ ತಿಂಗಳು ಅರ್ಧ ಕಳೆದಿರಬೇಕು, ಅತ್ತೆ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬರತೊಡಗಿತು. ಕೈ ಎಲ್ಲಿಗೋ ಸ್ವಲ್ಪ ತಗುಲಿದ್ದಕ್ಕೆ ಮೊಣಕೈವರೆಗೆ ನೀಲಿಗಟ್ಟಿತು. ಗಂಡ ಕ್ಲಿನಿಕ್ಕಿಗೆ ಕರೆದೊಯ್ದರು. ಸಂಖ್ಯೆ ಏರಿತ್ತು. ನರ್ಸ್ ಹೊಸ ಮಾತ್ರೆ ಏನಾದರೂ ತೆಗೆದುಕೊಂಡಿರಾ ಎಂದು ಕೇಳಿದಳು. ಇಲ್ಲ. ಊಟದಲ್ಲಿ ಬದಲಾವಣೆ? ಗಂಡ ತಾಯಿಯನ್ನು ಕೇಳಿದರು.

"ಅವ್ವಾ, ಊಟದಾಗ ಏನರೆ ಬದಲ್ ಆಗೇದೇನು?"

"ಏನ್ ಬದಲ್? ವರ್ಷಾ ಇದ್ದಂಗ ಅದ" ಎಂದರು ಅತ್ತೆ.

ಗಂಡ ನರ್ಸಿಗೆ ಇಲ್ಲ ಎಂದು ಹೇಳಿದರು. ನನಗೆ ಇದು ತಿಳಿದದ್ದು ಆಮೇಲೆ. ಇದರಲ್ಲಿ ಸುಳ್ಳು ಎಲ್ಲಿದೆ? ಪ್ರತಿ ವರ್ಷ ಆಷಾಢದಲ್ಲಿ ಬಿಡುವ ಸೊಪ್ಪನ್ನು ಈ ಆಷಾಢದಲ್ಲೂ ಬಿಟ್ಟಿದ್ದಾರೆ. ಬಿಡದಿದ್ದರೆ ಬದಲಾವಣೆ. ಬುದ್ಧಿ ಬಂದಾಗಿನಿಂದ ತಾಯಿ ಮಾಡುವುದನ್ನು ನೋಡುತ್ತ ಬೆಳೆದ ಮಗನಿಗೂ ಅದು ಗಾಳಿಯಂತೆ ಕಣ್ಣಿಗೆ ಕಾಣದೇ ಹೋಗಿತ್ತು. ನರ್ಸ್ ಮಾತ್ರೆ ಕಡಿಮೆ ಮಾಡಿದಳು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮಾತ್ರೆ ಇನ್ನಷ್ಟು ಇಳಿಯಿತು. ಆಮೇಲೆ ಸಂಖ್ಯೆ ದಾರಿಗೆ ಬಂತು. ವಸಡಿನ ರಕ್ತ ನಿಂತಿತು. ಗಂಡ ಸಂಜೆ ಸಮಾಧಾನದಿಂದ ಟಿ.ವಿ. ಹಚ್ಚಿದರು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವುದನ್ನು ತಾಯಿಯನ್ನು ತೋರಿಸಿ ಹೇಳುವುದು ಅವರ ರೂಢಿ. ಅವತ್ತೂ ಹೇಳಿದರು.

ಶ್ರಾವಣದಲ್ಲಿ ಶಾಕ ವ್ರತ ಮುಗಿಯಿತು. ಅತ್ತೆ ಮೊದಲ ದಿನ ಪಾಲಕ್ ಕೇಳಿದರು, ಮರುದಿನ ಮೆಂತ್ಯ. ತಿಂಗಳಿಡೀ ಕಟ್ಟಿದ ಬಾಯಿ, ಎರಡು ಸಲ ಹಾಕಿಸಿಕೊಂಡರು. ಮೂರನೆಯ ದಿನ ಶುಕ್ರವಾರ. ನಾನು ಮಧ್ಯಾಹ್ನವೇ ಮನೆಗೆ ಬಂದಿದ್ದೆ. ಬೆಳಿಗ್ಗೆ ಲ್ಯಾಬಿನಲ್ಲಿ ಮುಖ್ಯಸ್ಥೆ ಯಾರದೋ ಪ್ರಬಂಧ ಓದಿ ಸಿಡುಕಿದ್ದಳು. ಜುಲೈಯ ಹೊಟ್ಟೆ ನೋಡಿ ವರ್ಷದ ಊಟ ಬರೆದಿದ್ದಾನೆ ಎಂಬುದು ಅವಳ ಸಿಟ್ಟು. ನನಗೆ ಅದೇನೂ ಹೊಸದಾಗಿರಲಿಲ್ಲ. ಸ್ನಾನ ಮಾಡಿ ಬಂದು ಸಿಂಕಿನಲ್ಲಿ ಪಾಲಕ್ ತೊಳೆಯುತ್ತ ನಿಂತೆ. ಮೂರು ಕಟ್ಟು ಇತ್ತು. ಮಣ್ಣು ಬಿಡುವ ತನಕ ನೀರು ಬದಲಾಯಿಸುತ್ತ, ಬೆಳಿಗ್ಗೆಯ ಆ ಬೈಗುಳವನ್ನೇ ಸುಮ್ಮನೆ ನೆನೆಸಿಕೊಳ್ಳುತ್ತಿದ್ದಾಗ ಕೈ ನಿಂತಿತು. ನರ್ಸ್ ಅಳೆದು ಮಾತ್ರೆ ಗೊತ್ತುಮಾಡಿದ್ದು ಮೇ ತಿಂಗಳ ಅತ್ತೆಗೆ. ಅದನ್ನು ಇಳಿಸಿದ್ದು ಆಷಾಢದ ಅತ್ತೆಗೆ. ಈಗ ಮೂರು ದಿನದಿಂದ ನಮ್ಮ ಮನೆಯಲ್ಲಿ ಊಟ ಮಾಡುತ್ತಿರುವವರು ಇನ್ನೊಬ್ಬರು, ಮಾತ್ರೆ ಮಾತ್ರ ಹಳೆಯದು.

ಹಸಿರು ಸೊಪ್ಪಿನಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಸತ್ವವಿದೆ ಎಂಬುದನ್ನು ಕಾಲೇಜಿನಲ್ಲೇ ಓದಿದ್ದೆ. ಮಾತ್ರೆ ಒಂದು ಕಡೆ ಎಳೆದರೆ ಸೊಪ್ಪು ಇನ್ನೊಂದು ಕಡೆ ಎಳೆಯುತ್ತದೆ. ಸೊಪ್ಪು ನಿಂತಾಗ ಮಾತ್ರೆ ಗೆದ್ದು ರಕ್ತ ಸೋರಿತ್ತು. ಈಗ ಮಾತ್ರೆ ಇಳಿದಿದೆ, ಸೊಪ್ಪು ಎರಡರಷ್ಟು ಬಂದಿದೆ. ಆ ಲೋಹದ ಕವಾಟದ ಮೇಲೆ ಏನು ಕೂರುತ್ತಿರಬಹುದು ಎಂದು ಯೋಚಿಸಿ ನಲ್ಲಿ ನಿಲ್ಲಿಸಿದೆ. ಒದ್ದೆ ಕೈಯಲ್ಲೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನರ್ಸ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಬಾಗಿಲು ಹಾಕುವ ಮುಂಚೆ ಕರೆದುಕೊಂಡು ಬಾ ಎಂದಳು.

ಕಾರಿನಲ್ಲಿ ಅತ್ತೆಗೆ ವಿಷಯ ಹೇಳಿದೆ.

"ಅಲ್ಲೆ ವ್ರತದ ಮಾತ ತಗೀಬ್ಯಾಡ" ಎಂದರು.

"ಹೇಳ್ದೆ ಹೇಗೆ ಆಗುತ್ತೆ ಅತ್ತೆ? ಅವರಿಗೆ ಅದೇ ಬೇಕಾಗಿರೋದು."

"ಹೇಳಿದ್ರ ಬಿಡು ಅಂತಾರ. ಡಾಕ್ಟರ್ ಮಂದಿ ಮತ್ತೇನ್ ಹೇಳ್ತಾರ? ನಿಮ್ಮ ಮಾವನವರು ಹೋದ ಮ್ಯಾಲೆ ಕುಂಕುಮ ಹೋತು. ಲಗ್ನಾ ಮುಂಜಿವಿಯೊಳಗ ಹಿಂದ ಕೂಡು ಅಂತ ಯಾರೂ ಅನ್ನೂದಿಲ್ಲ, ನಾನ ಹೋಗಿ ಹಿಂದ ಕೂಡ್ತೇನಿ. ಎದಿ ಕೊಯ್ದ ಮ್ಯಾಲೆ ಮಡೀಲೆ ಅಡಿಗಿ ಮಾಡೂ ತ್ರಾಣನೂ ಇಲ್ಲ. ನಂದು ಅಂತ ಉಳದದ್ದು ಇದೊಂದ ನೋಡವಾ. ಇದಕ್ಕ ಯಾರ ಹಂಗೂ ಬ್ಯಾಡ. ನನ್ನ ಬಾಯಿ ನಾ ಕಟ್ಟಿದ್ರಾತು."

ನಾನು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. ಅವರು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ, ಅವರು ಸಾಯುವುದೂ ನನಗೆ ಬೇಡವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಹೇಳುವವರಿಗೆ ಸುಲಭ.

ಸಂಖ್ಯೆ ಬಹಳ ಕೆಳಗಿತ್ತು. ನರ್ಸಿನ ಮುಖ ನೋಡಿಯೇ ಗೊತ್ತಾಯಿತು. ಅವಳು ಡಾಕ್ಟರನ್ನು ಕರೆದಳು. ನಾನು ನಾಲ್ಕು ತಿಂಗಳ ನಾಲ್ಕು ಊಟವನ್ನು ಒಂದೊಂದಾಗಿ ಹೇಳಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಇಂಗ್ಲಿಷ್ ಬರದಿದ್ದರೂ ಯಾವ ಮಾತು ಎಲ್ಲಿಗೆ ಬಂತು ಎಂದು ಅವರಿಗೆ ತಿಳಿಯುತ್ತಿತ್ತು. ಮಾತ್ರೆ ಮತ್ತೆ ಏರಿತು. ಅದು ಕೆಲಸಕ್ಕೆ ಬರುವ ತನಕ ಬೆಳಿಗ್ಗೆ ಸಂಜೆ ಹೊಟ್ಟೆಗೆ ಇಂಜೆಕ್ಷನ್ ಎಂದಾಯಿತು. ವ್ರತ ಬಿಡಿ ಎಂದು ಯಾರೂ ಹೇಳಲಿಲ್ಲ. ನರ್ಸ್ ಈ ವ್ರತ ಮುಂದಿನ ವರ್ಷವೂ ಜುಲೈಯಲ್ಲೇ ಬರುತ್ತದೆಯೇ ಎಂದು ಕೇಳಿದಳು. ಚಂದ್ರನ ಲೆಕ್ಕ, ಹಿಂದೆ ಮುಂದೆ ಆಗುತ್ತದೆ ಎಂದೆ. ಹಾಗಾದರೆ ಚಂದ್ರ ಬರುವ ಮುಂಚೆ ನನಗೊಂದು ಫೋನ್ ಮಾಡಿ, ವಾರವಾರ ಬೆರಳು ಚುಚ್ಚಿ ನೋಡಿಕೊಂಡು ದಾಟಿಸೋಣ ಎಂದಳು. ಬಹಳ ದಣಿದ ಹೆಂಗಸು ಅವಳೂ.

"ಏನಂದ್ಲು?" ಎಂದು ಅತ್ತೆ ಕೇಳಿದರು.

"ಮಾಡ್ಬಹುದಂತೆ. ಮೊದ್ಲೇ ಹೇಳ್ಬೇಕಂತೆ ಅಷ್ಟೆ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಂಜೆಕ್ಷನ್ ಕೊಡುವುದನ್ನು ನರ್ಸ್ ನನಗೆ ಅಲ್ಲಿಯೇ ಕಲಿಸಿದಳು. ಗಂಡ ಸೂಜಿ ಕಂಡರೆ ಬೆವರುವ ಜಾತಿ. ಹೊಕ್ಕುಳಿಂದ ಸ್ವಲ್ಪ ದೂರದಲ್ಲಿ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚಬೇಕು. ಅಲ್ಲಿಯವರೆಗೆ ನನ್ನ ಕೈಗೆ ಗೊತ್ತಿದ್ದುದು ಸತ್ತ ಹೊಟ್ಟೆಗಳು. ಅತ್ತೆಯ ಹೊಟ್ಟೆ ಬೆಚ್ಚಗಿತ್ತು, ಮೆತ್ತಗಿತ್ತು, ಹೆರಿಗೆಯ ಗೆರೆಗಳಿದ್ದವು. ಬೆಳಿಗ್ಗೆ ಹೊರಡುವ ಮುಂಚೆ ಒಂದು, ಸಂಜೆ ಬಂದು ಸ್ನಾನ ಮಾಡಿ ಒಂದು, ಆಮೇಲೆ ಅಡುಗೆ. ಎರಡನೆಯ ತಿಂಗಳಾದ್ದರಿಂದ ಈಗ ಅವರಿಗೆ ಮೊಸರಿಲ್ಲ, ಮೊಸರಿಲ್ಲದ ಅಡುಗೆ ಬೇರೆ. ನಡುವೆ ರಕ್ತ ತೋರಿಸಲು ಕ್ಲಿನಿಕ್ಕು. ಲ್ಯಾಬಿಗೆ ರಜೆ ಹಾಕಿದ ದಿನಗಳ ಬಾಟಲಿಗಳು ನನ್ನ ಮೇಜಿನ ಮೇಲೆ ಕಾದು ಕುಳಿತಿರುತ್ತಿದ್ದವು. ನನಗೆ ಸಾಕಾಗಿತ್ತು. ಅತ್ತೆಯ ಮೇಲೆ ಸಿಟ್ಟಿರಲಿಲ್ಲ. ವರ್ಷಾ ಇದ್ದಂಗ ಅದ ಎನ್ನುವುದನ್ನು ಇಲ್ಲ ಎಂದು ಅನುವಾದಿಸಿದ ಗಂಡನ ಮೇಲೆ ಇತ್ತು, ಅದನ್ನು ಹೇಳುವಷ್ಟು ಕಸುವು ಇರಲಿಲ್ಲ.

ಒಂದು ಸಂಜೆ ಇಂಜೆಕ್ಷನ್ ಕೊಟ್ಟು, ಹತ್ತಿ ಒತ್ತಿ ಹಿಡಿದುಕೊಂಡವಳು ಹಾಗೆಯೇ ಸೋಫಾಕ್ಕೆ ತಲೆ ಆನಿಸಿ ನಿದ್ದೆಹೋಗಿದ್ದೆನಂತೆ. ಎಚ್ಚರವಾದಾಗ ಅತ್ತೆ ಅಲುಗಾಡದೆ ಮಲಗಿದ್ದರು. ನನ್ನ ಕೈ ಅವರ ಹೊಟ್ಟೆಯ ಮೇಲೆಯೇ ಇತ್ತು.

"ಎಬ್ಬಿಸ್ಬೇಕಿತ್ತು ಅತ್ತೆ" ಎಂದೆ.

"ಯಾಕ ಎಬ್ಬಿಸ್ಲಿ?" ಎಂದರು. ಸೆರಗು ಸರಿಮಾಡಿಕೊಳ್ಳುತ್ತ, "ಯಾರ ಹಂಗೂ ಇಲ್ಲ ಅಂದಿದ್ದೆ ನಾ. ನನ್ನ ವ್ರತಾ ನೀ ಹಿಡದೀ ನೋಡು. ಸೂಜಿ ನೀ ಹಿಡದಿ, ರಜಾ ನೀ ಹಾಕಿದಿ, ನನ್ನ ರಕ್ತದ ಕಾಳಜಿ ಆ ನರ್ಸಬಾಯಿಗೆ ಹತ್ತೇದ. ನಾ ಬರೇ ಉಣ್ಣಲಿಲ್ಲ, ಅಷ್ಟ."

"ಹಾಗೇನಿಲ್ಲ ಬಿಡಿ" ಎಂದು ಎದ್ದು ಒಲೆ ಹಚ್ಚಲು ಹೋದೆ. ಅನ್ನಕ್ಕೆ ತಡವಾಗಿತ್ತು.

ಇಂಜೆಕ್ಷನ್ ನಿಂತಿತು. ಉಳಿದ ತಿಂಗಳುಗಳು ಗಲಾಟೆಯಿಲ್ಲದೆ ಕಳೆದವು. ಮೊಸರು ಬಿಟ್ಟರೂ ಹಾಲು ಬಿಟ್ಟರೂ ರಕ್ತ ಕೇಳುವುದಿಲ್ಲ, ಅದಕ್ಕೆ ಬೇಕಾದದ್ದು ಸೊಪ್ಪಿನ ಲೆಕ್ಕ ಮಾತ್ರ. ಆದರೂ ತಿಂಗಳು ಬದಲಾದಾಗಲೆಲ್ಲ ನರ್ಸಿಗೆ ಫೋನ್ ಮಾಡಿ ಹೇಳುತ್ತಿದ್ದೆ. ಕಾರ್ತಿಕದಲ್ಲಿ ಚಾತುರ್ಮಾಸ್ಯ ಮುಗಿಸಿಕೊಂಡು, ವೀಸಾದ ಅವಧಿ ತೀರುವ ಹೊತ್ತಿಗೆ ಅತ್ತೆ ಧಾರವಾಡಕ್ಕೆ ಹೊರಟರು. ಎದೆಯ ಡಾಕ್ಟರು ಅಷ್ಟು ದೂರದ ವಿಮಾನ ಇನ್ನು ಸಾಕು ಎಂದಿದ್ದರು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ನನ್ನ ಕೈ ಹಿಡಿದುಕೊಂಡು, ಮೂಗಿನ ಹತ್ತಿರ ತಂದು ಮೂಸಿ, "ಏನೂ ವಾಸನಿ ಇಲ್ಲವಾ" ಎಂದರು. ಅವತ್ತು ನಾನು ಕೆಲಸಕ್ಕೆ ಹೋಗಿರಲಿಲ್ಲ.

ಚಳಿಗಾಲದಲ್ಲಿ ನಮ್ಮ ಲ್ಯಾಬಿಗೆ ಒಂದು ಪೆಟ್ಟಿಗೆ ಬಂತು. ಏಡಿ ಹಿಡಿಯುವ ಹಡಗಿನವರು, ಬಿರುಗಾಳಿಯಲ್ಲಿ ಹಡಗಿನ ದೀಪಕ್ಕೆ ಬಡಿದು ಸತ್ತ ಹಕ್ಕಿಗಳನ್ನು ಎತ್ತಿಟ್ಟು ಕಳಿಸಿದ್ದರು. ಮುಖ್ಯಸ್ಥೆ ಕೋಟನ್ನೂ ತೆಗೆಯದೆ ಪೆಟ್ಟಿಗೆ ಬಿಚ್ಚಿದಳು. ಇಷ್ಟು ವರ್ಷ ಕಾದ ಚಳಿಗಾಲದ ಊಟ. ಹೊಟ್ಟೆಗಳು ಬಹುತೇಕ ಖಾಲಿ. ಕೆಲವದರಲ್ಲಿ ಸ್ಕ್ವಿಡ್‌ನ ಕೊಕ್ಕು, ಅದೂ ಸವೆದದ್ದು, ಯಾವತ್ತಿನದೋ ಹೇಳುವಂತಿಲ್ಲ. ಕೊಕ್ಕು ಕರಗುವುದಿಲ್ಲವಾದ್ದರಿಂದ ವಾರಗಟ್ಟಲೆ ಒಳಗೇ ಕುಳಿತಿರುತ್ತದೆ. ಉಳಿದದ್ದು ಮಾತ್ರ ಕಾಣುತ್ತದೆ, ತಿಂದದ್ದೆಲ್ಲ ಕಾಣುವುದಿಲ್ಲ ಎಂದು ಹೇಳಿ ಮುಖ್ಯಸ್ಥೆ ಕಾಫಿಗೆ ಹೋದಳು. ನಾನು ಚಿಮಟ ಹಿಡಿದು ಕುಳಿತೆ.

ಆ ಭಾನುವಾರ ಫೋನಿನಲ್ಲಿ ಅತ್ತೆ ಕೇಳಿದರು. "ಥಂಡ್ಯಾಗ ಏನ್ ತಿಂತಾವಂತ ತಿಳೀತೇನು?"

"ಇನ್ನೂ ಸರಿಯಾಗಿ ಗೊತ್ತಾಗಿಲ್ಲ ಅತ್ತೆ."

"ಉಪಾಸ ಇರ್ತಾವೇನೋ."

"ಉಪವಾಸ ಇದ್ರೆ ಬದುಕಲ್ಲ. ಸಿಕ್ಕಿದ್ದು ತಿಂತವೆ."

"ಹೂಂ. ಪಾಪ" ಎಂದರು.

ಮುಂದಿನ ಆಷಾಢ ಹತ್ತಿರವಾದಂತೆ ನನಗೆ ಭಯ ಶುರುವಾಯಿತು. ಇಲ್ಲಿ ಬೆರಳು ಚುಚ್ಚಿದರೆ ಕಣ್ಣೆದುರೇ ಸಂಖ್ಯೆ ಬರುತ್ತಿತ್ತು. ಅಲ್ಲಿ ತೋಳಿನಿಂದ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಬೇಕು, ಮರುದಿನ ಸಂಜೆ ಉತ್ತರ, ಡಾಕ್ಟರು ಸಿಕ್ಕುವುದು ಅದರ ಮರುದಿನ. ಭಾವನವರು ಅಂಗಡಿ ಬಿಟ್ಟು ಎಷ್ಟು ಸಲ ಓಡಾಡಿಯಾರು? ಮಾಡುವುದಾದರೆ ಡಾಕ್ಟರಿಗೆ ಮೊದಲೇ ಹೇಳಿ, ವಾರವಾರ ರಕ್ತ ತೋರಿಸಿ ಮಾಡಿ ಎಂದು ಅತ್ತೆಗೆ ಹೇಳಿದೆ. ಅವರ ಮಗನೂ ಹೇಳಿದರು, ಈ ಸಲ ಪೂರ್ತಿ ವಿವರವಾಗಿ. ಅತ್ತೆ ಎಲ್ಲಕ್ಕೂ ಹೂಂ ಎಂದರು. ಆ ಹೂಂ ನನಗೆ ಗೊತ್ತಿತ್ತು. ಯಾರಿಗೂ ಹೇಳದೆ ಬಾಯಿ ಕಟ್ಟಿಬಿಡುತ್ತಾರೆ, ನಾವು ಇಲ್ಲಿ ಕುಳಿತು ಫೋನ್ ಕಾಯಬೇಕು ಎಂದುಕೊಂಡೆ. ಏಕಾದಶಿಯ ದಿನ ಲ್ಯಾಬಿನಲ್ಲಿ ಒಂದೇ ಬಾಟಲಿಯ ಚೂರುಗಳನ್ನು ಎರಡು ಸಲ ಎಣಿಸಿದೆ.

ದ್ವಾದಶಿಯ ದಿನ ಅವರೇ ಫೋನ್ ಮಾಡಿದರು. ಫೋನ್ ಎತ್ತಿದ ಮಗನಿಗೆ, ಅವಳ ಕೈಗೇ ಕೊಡು ಎಂದರಂತೆ.

"ಇವತ್ತ ಮೆಂತ್ಯೆ ಪಲ್ಯಾ ಉಂಡೆ" ಎಂದರು.

ಶಾಕ ವ್ರತದ ಮೊದಲ ದಿನವೇ ಸೊಪ್ಪು. "ಡಾಕ್ಟ್ರು ಬೇಡ ಅಂದ್ರಾ ಅತ್ತೆ?" ಎಂದು ಕೇಳಿದೆ.

"ಅವರನ್ನ ಯಾರು ಕೇಳ್ಯಾರ? ನಾನ ಮಾಡಿಸ್ಕೊಂಡು ಉಂಡೆ. ನಂದಂತ ಮಾಡೂದು, ಇನ್ನೊಬ್ರು ಅದನ್ನ ಹೊರೂದು. ಅದೇನ್ ವ್ರತಾ? ಸಾಕು."

ಒಳ್ಳೆಯದಾಯಿತು ಎಂದೆ. ಒಳ್ಳೆಯದಾಯಿತು ಎಂದು ನಿಜವಾಗಿಯೂ ಅನ್ನಿಸಿತ್ತು, ಎದೆಯಿಂದ ಭಾರ ಇಳಿದಿತ್ತು. ಆದರೆ ಆ ಮಾತು ಬಾಯಿಂದ ಹೊರಗೆ ಬಿದ್ದಾಗ ನನಗೇ ಕೇಳಲಾಗಲಿಲ್ಲ.

"ಭಾಳ ರುಚಿ ಹತ್ತಿತು" ಎಂದರು. "ಅದಕ್ಕ ಕೆಟ್ಟ ಅನಸ್ತು ನೋಡವಾ."